ಎತ್ತು ಮುಂದೋ, ಬಂಡಿ ಮುಂದೋ?

ಹೊಸದೊಂದು ಯಂತ್ರ ಲೋಕಕ್ಕೆ ಹೇಗೆ ಬರುತ್ತದೆ ಎಂಬ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳ ನಡುವೆ ಎರಡು ಬಗೆಯ ನಂಬಿಕೆಗಳಿವೆ. ದೊಡ್ಡ ಪ್ರಯೋಗಾಲಯ, ಅಪಾರ ಹಣ, ನೂರಾರು ಮಂದಿ ತಜ್ಞರು ಇಲ್ಲದೆ ಯಾವ ಹೊಸ ಯಂತ್ರವೂ ಹುಟ್ಟಲಾರದು ಎಂಬುದು ಒಂದು. ಪುಸ್ತಕದ ವಿದ್ಯೆ ಬೇಡ, ಕೈಚಳಕವೊಂದಿದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿ ಒದಗುತ್ತದೆ ಎಂಬುದು ಇನ್ನೊಂದು. ಮೊದಲನೆಯ ನಂಬಿಕೆ ಹುಡುಗರನ್ನು ಕೈಕಟ್ಟಿ ಕೂರಿಸುತ್ತದೆ. ಎರಡನೆಯದು ಅವರನ್ನು ಕಣ್ಣು ಕಟ್ಟಿ ಓಡಿಸುತ್ತದೆ.

ಇವೆರಡರಲ್ಲಿ ಯಾವುದು ಸರಿ ಎಂಬುದನ್ನು ಬರಿಯ ವಾದದಿಂದ ತೀರ್ಮಾನಿಸುವುದಕ್ಕಿಂತ, ನಡೆದ ಸಂಗತಿಯೊಂದನ್ನು ಪರೀಕ್ಷಿಸಿ ತೀರ್ಮಾನಿಸುವುದು ವಿಜ್ಞಾನದ ಕ್ರಮ. ಅದಕ್ಕಾಗಿ ಇಂಗ್ಲೆಂಡಿನ ಕೂಪರ್ ಕಾರ್ ಕಂಪೆನಿಯ ಚರಿತ್ರೆಯನ್ನು ನಾವು ಇಲ್ಲಿ ಆರಿಸಿಕೊಂಡಿದ್ದೇವೆ. ತಂದೆ ಮಗ ಇಬ್ಬರು ಒಂದು ಗ್ಯಾರೇಜಿನಲ್ಲಿ ಆರಂಭಿಸಿದ ಕೆಲಸ ಹದಿಮೂರು ವರ್ಷಗಳಲ್ಲಿ ಪ್ರಪಂಚದ ಮೋಟಾರು ಪಂದ್ಯಗಳ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದಿತು. ಪಂದ್ಯದ ಕಾರಿನಲ್ಲಿ ಎಂಜಿನ್ ಎಲ್ಲಿರಬೇಕು ಎಂಬ ಪ್ರಶ್ನೆಗೆ ಇಂದಿಗೂ ಬದಲಾಗದ ಉತ್ತರವನ್ನು ಕೊಟ್ಟಿತು. ಆಮೇಲೆ ಹತ್ತೇ ವರ್ಷಗಳಲ್ಲಿ ಅದೇ ಕಣದಿಂದ ಮರೆಯಾಯಿತು. ಗೆದ್ದದ್ದೇಕೆ ಎಂದು ಕೇಳಿ, ಸೋತದ್ದೇಕೆ ಎಂದು ಕೇಳದೆ ಬಿಟ್ಟರೆ ಈ ಕಥೆಯಿಂದ ನಾವು ಕಲಿಯಬೇಕಾದದ್ದರಲ್ಲಿ ಅರ್ಧವನ್ನು ಕಳೆದುಕೊಂಡಂತೆಯೇ ಸರಿ.

ಸರಪಣಿ ನಿರ್ಧರಿಸಿದ ಸ್ಥಾನ

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಬಡವಾಗಿತ್ತು. ಪೆಟ್ರೋಲಿಗೆ ಪಡಿತರವಿತ್ತು; ಅದು ತೆರವಾದದ್ದು 1950ರಲ್ಲಿ. ಉಕ್ಕು, ಅಲ್ಯೂಮಿನಿಯಂ, ಟಯರು ಎಲ್ಲವೂ ದುರ್ಲಭ. ಇಂಥ ಕಾಲದಲ್ಲಿ ಮೋಟಾರು ಪಂದ್ಯದ ಹುಚ್ಚು ಹಿಡಿದ ಕೆಲವರು ಒಂದು ಉಪಾಯ ಹೂಡಿದರು: ಮೋಟಾರ್ ಸೈಕಲ್ಲಿನ 500 ಘನ ಸೆಂಟಿಮೀಟರಿನ ಎಂಜಿನ್ನನ್ನು ಪುಟ್ಟ ಕಾರಿಗೆ ಜೋಡಿಸಿ ಓಡಿಸೋಣ, ಖರ್ಚೂ ಕಡಮೆ, ಇಂಧನವೂ ಕಡಮೆ. ಈ ವರ್ಗದ ಪಂದ್ಯವೇ ಮುಂದೆ 1950ರಲ್ಲಿ ಫಾರ್ಮುಲಾ ಮೂರು ಎಂಬ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು.

ಲಂಡನ್ನಿನ ನೈಋತ್ಯಕ್ಕಿರುವ ಸರ್ಬಿಟನ್ ಎಂಬಲ್ಲಿ ಚಾರ್ಲ್ಸ್ ಕೂಪರ್ ಅವರಿಗೆ ಒಂದು ಗ್ಯಾರೇಜ್ ಇತ್ತು. ಯುದ್ಧಕ್ಕೆ ಮುಂಚೆ ಅವರು ಇತರರ ಪಂದ್ಯದ ಕಾರುಗಳನ್ನು ನೋಡಿಕೊಂಡು ಅನುಭವ ಪಡೆದಿದ್ದರು. ಅವರ ಮಗ ಜಾನ್ ಕೂಪರ್ ಹದಿನೈದನೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು, ಯಂತ್ರೋಪಕರಣಗಳ ತಯಾರಿಕೆಯಲ್ಲಿ ಕೆಲಸ ಕಲಿತವರು. ಈ ಜಾನ್ ಮತ್ತು ಅವರ ಗೆಳೆಯ ಎರಿಕ್ ಬ್ರ್ಯಾಂಡನ್ 1946ರಲ್ಲಿ 500ರ ವರ್ಗಕ್ಕಾಗಿ ಒಂದು ಕಾರು ಕಟ್ಟಲು ತೊಡಗಿದರು.

ಹೊಸ ಭಾಗಗಳನ್ನು ಕೊಳ್ಳಲು ಹಣವಿಲ್ಲ, ಹಣವಿದ್ದರೂ ಭಾಗಗಳಿಲ್ಲ. ಕೈಗೆ ಸಿಕ್ಕಿದ್ದು ಇಟಲಿಯ ಫಿಯಟ್ 500 ಎಂಬ ಪುಟ್ಟ ಕಾರು. ಅದರ ಮುಂಭಾಗದಲ್ಲಿ ಎರಡು ಚಕ್ರಗಳೂ ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುವಂತೆ ಅಡ್ಡಲಾಗಿ ಜೋಡಿಸಿದ ಪಟ್ಟಿ ಸ್ಪ್ರಿಂಗಿನ ವ್ಯವಸ್ಥೆಯಿತ್ತು. ಇಂಥ ಎರಡು ಕಾರುಗಳ ಮುಂಭಾಗಗಳನ್ನು ಕತ್ತರಿಸಿ, ಒಂದಕ್ಕೊಂದು ಬೆನ್ನು ಮಾಡಿ ಬೆಸೆದರು. ಹೀಗೆ ನಾಲ್ಕು ಚಕ್ರಗಳಿಗೂ ಸ್ವತಂತ್ರವಾಗಿ ಏರಿಳಿಯುವ ಅನುಕೂಲ ದೊರೆಯಿತು. ಎಂಜಿನ್ ಜೆಎಪಿ ಸಂಸ್ಥೆಯ ಒಂಟಿ ಸಿಲಿಂಡರಿನದು. ಮಣ್ಣಿನ ಕಣದ ಮೋಟಾರ್ ಸೈಕಲ್ ಪಂದ್ಯಗಳಿಗೆಂದು ತಯಾರಾದುದು.

ಈಗ ಮುಖ್ಯ ಪ್ರಶ್ನೆ ಬಂತು. ಎಂಜಿನ್ನನ್ನು ಎಲ್ಲಿ ಕೂರಿಸಬೇಕು? ಅಂದಿನ ಪಂದ್ಯದ ಕಾರುಗಳಲ್ಲಿ ಎಂಜಿನ್ ಚಾಲಕನ ಮುಂದೆ ಇರುತ್ತಿತ್ತು. ಉದ್ದನೆಯ ಷಾಫ್ಟೊಂದು ಅದರ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುತ್ತಿತ್ತು. ಆದರೆ ಮೋಟಾರ್ ಸೈಕಲ್ಲಿನ ಎಂಜಿನ್ ಶಕ್ತಿಯನ್ನು ಕೊಡುವುದು ಸರಪಣಿಯ ಮೂಲಕ. ಸರಪಣಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಆದ್ದರಿಂದ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ, ಹಿಂದಿನ ಚಕ್ರಗಳ ಸಮೀಪದಲ್ಲೇ ಇಟ್ಟರು. ಅದಕ್ಕಿಂತ ದೊಡ್ಡ ತತ್ತ್ವವೇನೂ ಅಲ್ಲಿ ಇರಲಿಲ್ಲ. ಮೋಟಾರು ಪಂದ್ಯಗಳ ಲೋಕವನ್ನೇ ತಲೆಕೆಳಗು ಮಾಡಿದ ಒಂದು ನಿರ್ಧಾರವನ್ನು ಕೈಗೊಂಡದ್ದು, ನಿಜವಾಗಿ ಹೇಳಬೇಕೆಂದರೆ, ಒಂದು ಸರಪಣಿ.

ನಿಸರ್ಗ ಮೆಚ್ಚಿದ್ದೇಕೆ?

ಕಟ್ಟಿದವರಿಗೆ ತತ್ತ್ವ ಗೊತ್ತಿರಲಿ, ಬಿಡಲಿ, ನಿಸರ್ಗದ ನಿಯಮಗಳು ತಮ್ಮ ಕೆಲಸವನ್ನು ಮಾಡಿಯೇ ತೀರುತ್ತವೆ. ಎಂಜಿನ್ ಹಿಂದೆ ಬಂದುದರಿಂದ ಆದ ಲಾಭಗಳನ್ನು ಭೌತಶಾಸ್ತ್ರದ ದೃಷ್ಟಿಯಿಂದ ನೋಡೋಣ.

ಮೊದಲನೆಯದು ಗಾಳಿಯ ತಡೆ. ಎಂಜಿನ್ ಮುಂದಿದ್ದಾಗ ಉದ್ದನೆಯ ಷಾಫ್ಟು ಚಾಲಕನ ಆಸನದ ಕೆಳಗೋ ಪಕ್ಕದಲ್ಲೋ ಹಾದುಹೋಗಬೇಕು. ಚಾಲಕ ಎತ್ತರದಲ್ಲಿ ಕೂರಬೇಕಾಗುತ್ತದೆ. ಷಾಫ್ಟೇ ಇಲ್ಲವಾದರೆ ಆತ ನೆಲಕ್ಕೆ ಹತ್ತಿರವಾಗಿ ಕೂರಬಹುದು. ಗಾಳಿಗೆ ಎದುರಾಗುವ ಮೈಯ ವಿಸ್ತೀರ್ಣ ಕುಗ್ಗುತ್ತದೆ, ಗುರುತ್ವಕೇಂದ್ರವೂ ಕೆಳಗಿಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ತಡೆಯನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಎರಡರಷ್ಟು ಮಾಡಬೇಕಾದರೆ ಎಂಟರಷ್ಟು ಶಕ್ತಿ ಬೇಕು. ಇಂಥ ಕಡೆ ಮೈಯನ್ನು ಸ್ವಲ್ಪ ತಗ್ಗಿಸಿದರೂ ಅದು ಹತ್ತಾರು ಅಶ್ವಶಕ್ತಿಯನ್ನು ಸಂಪಾದಿಸಿದಂತೆ.

ಎರಡನೆಯದು ತಿರುವಿನ ಚುರುಕು. ತಕ್ಕಡಿಯ ದಂಡದ ಎರಡು ತುದಿಗಳಲ್ಲೂ ಭಾರವಾದ ಕಲ್ಲುಗಳನ್ನು ಕಟ್ಟಿ ನಡುವೆ ಹಿಡಿದು ತಿರುಗಿಸಿ ನೋಡಿ. ಬಳಿಕ ಅದೇ ಕಲ್ಲುಗಳನ್ನು ಕೈಯ ಬಳಿಗೆ ಸರಿಸಿ ತಿರುಗಿಸಿ ನೋಡಿ. ತೂಕ ಒಂದೇ ಆದರೂ ಎರಡನೆಯ ಬಾರಿ ದಂಡ ಎಷ್ಟೋ ಸುಲಭವಾಗಿ ತಿರುಗುತ್ತದೆ. ಪಠ್ಯಪುಸ್ತಕಗಳಲ್ಲಿ ಮೊಮೆಂಟ್ ಆಫ್ ಇನರ್ಷಿಯ ಎಂದು ಓದುವುದು ಇದನ್ನೇ. ಇದು ದೂರದ ವರ್ಗವನ್ನು ಅವಲಂಬಿಸಿದೆ. 100 ಕಿಲೋಗ್ರಾಂ ತೂಕದ ವಸ್ತುವೊಂದು ಕಾರಿನ ಗುರುತ್ವಕೇಂದ್ರದಿಂದ 1.5 ಮೀಟರ್ ದೂರದಲ್ಲಿದೆ ಎನ್ನಿ. ತಿರುಗುವಿಕೆಗೆ ಅದು ಒಡ್ಡುವ ಜಡತ್ವ 225 ಮಾನ. ಅದನ್ನೇ ಅರ್ಧ ಮೀಟರ್ ದೂರಕ್ಕೆ ತಂದರೆ 25 ಮಾನ. ದೂರ ಮೂರನೆಯ ಒಂದಾದಾಗ ಜಡತ್ವ ಒಂಬತ್ತನೆಯ ಒಂದಾಯಿತು. ಚಾಲಕನ ಬೆನ್ನಿಗೂ ಹಿಂದಿನ ಅಚ್ಚಿಗೂ ನಡುವೆ ಕುಳಿತ ಎಂಜಿನ್ ಕಾರನ್ನು ಈ ರೀತಿಯಲ್ಲೇ ಚುರುಕುಗೊಳಿಸುತ್ತದೆ.

ಮೂರನೆಯದು ನೆಲದ ಹಿಡಿತ. ಚಕ್ರ ನೆಲವನ್ನು ಹಿಡಿಯುವ ಬಲ ಅದರ ಮೇಲಿನ ಭಾರವನ್ನು ಅವಲಂಬಿಸಿದೆ. ಎಂಜಿನ್ ಹಿಂದಿದ್ದರೆ, ಶಕ್ತಿ ಪಡೆಯುವ ಹಿಂದಿನ ಚಕ್ರಗಳ ಮೇಲೆ ಭಾರ ಹೆಚ್ಚಿ, ತಿರುವಿನಿಂದ ಹೊರಬೀಳುವಾಗ ಅವು ಜಾರದೆ ಕಾರನ್ನು ಮುಂದಕ್ಕೆ ನೂಕುತ್ತವೆ. ಇವೆಲ್ಲಕ್ಕೂ ಮಿಗಿಲಾಗಿ, ಷಾಫ್ಟು ಮತ್ತು ಅದಕ್ಕೆ ಬೇಕಾದ ಇತರ ಭಾಗಗಳು ಇಲ್ಲವಾದುದರಿಂದ ಕಾರಿನ ತೂಕವೇ ಇಳಿಯುತ್ತದೆ. ತೂಕ ಇಳಿದರೆ ವೇಗ ಹೆಚ್ಚಿಸುವುದು ಸುಲಭ, ನಿಲ್ಲಿಸುವುದು ಸುಲಭ, ತಿರುಗಿಸುವುದು ಸುಲಭ. ಟಯರು ಸವೆಯುವುದೂ ಕಡಮೆ.

ತಿಳಿದವರು ಸೋತದ್ದು

ಹಾಗಾದರೆ ಇದು ಕೂಪರ್ ಅವರಿಗಿಂತ ಮೊದಲು ಯಾರಿಗೂ ಹೊಳೆದಿರಲಿಲ್ಲವೇ? ಹೊಳೆದಿತ್ತು. 1930ರ ದಶಕದಲ್ಲಿ ಜರ್ಮನಿಯ ಆಟೊ ಯೂನಿಯನ್ ಸಂಸ್ಥೆಗಾಗಿ ಫರ್ಡಿನಂಡ್ ಪೋರ್ಷೆ ರಚಿಸಿದ ಕಾರಿನಲ್ಲಿ ಹದಿನಾರು ಸಿಲಿಂಡರುಗಳ ದೈತ್ಯ ಎಂಜಿನ್ ಚಾಲಕನ ಹಿಂದೆಯೇ ಇತ್ತು. ಪೋರ್ಷೆ ತಿಳಿದು ಮಾಡಿದವರು. 1934ರಿಂದ ಆ ಕಾರುಗಳು ಅನೇಕ ಪಂದ್ಯಗಳನ್ನು ಗೆದ್ದವು. ಆದರೆ ಅವನ್ನು ಹತೋಟಿಯಲ್ಲಿಡುವುದು ಅಸಾಧಾರಣ ಚಾಲಕರಿಗೆ ಮಾತ್ರ ಸಾಧ್ಯ ಎಂಬ ಅಪಖ್ಯಾತಿ ಅವುಗಳಿಗೆ ಅಂಟಿಕೊಂಡಿತು.

ಇದಕ್ಕೆ ಕಾರಣವೇನು? ಆ ಕಾರುಗಳ ಹಿಂದಿನ ಅಚ್ಚು ಗೇರುಪೆಟ್ಟಿಗೆಯ ಬಳಿಯ ಕೀಲಿನಿಂದ ಲೋಲಕದಂತೆ ತೂಗುತ್ತಿತ್ತು. ಚಕ್ರ ಏರಿಳಿದಂತೆಲ್ಲ ಅದರ ಓರೆ ಬದಲಾಗಿ, ತಿರುವಿನಲ್ಲಿ ಹಿಡಿತ ಥಟ್ಟನೆ ತಪ್ಪುತ್ತಿತ್ತು. 1938ರಲ್ಲಿ ಆ ಅಚ್ಚಿನ ಕ್ರಮವನ್ನು ಬದಲಾಯಿಸಿದ ಮೇಲೆ ಕಾರಿನ ನಡತೆ ಸುಧಾರಿಸಿತು. ದೋಷದ ಬಹುಪಾಲು ಅಚ್ಚಿನದು. ಅಪವಾದ ಮಾತ್ರ ಎಂಜಿನ್ನಿನ ಸ್ಥಾನಕ್ಕೆ. ಯುದ್ಧಾನಂತರದ ತಯಾರಕರಲ್ಲಿ ಹೆಚ್ಚಿನವರು, ಹಿಂದಿನ ಎಂಜಿನ್ನಿನ ಕಾರು ಕೈಗೆ ಬಗ್ಗದು ಎಂದು ನಿಶ್ಚಯಿಸಿ, ಆ ದಾರಿಯನ್ನೇ ಬಿಟ್ಟುಬಿಟ್ಟರು. ಎರಡು ಸಂಗತಿಗಳು ಒಟ್ಟಿಗೆ ಬದಲಾದಾಗ ಪರಿಣಾಮವನ್ನು ಒಂದರ ತಲೆಗೇ ಕಟ್ಟುವುದು ಎಷ್ಟು ಅಪಾಯಕರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ವಿಚಿತ್ರವೆಂದರೆ ಸ್ವತಃ ಕೂಪರ್ ಕಂಪೆನಿಯೂ ತನ್ನ ಭಾಗ್ಯವನ್ನು ಬೇಗ ಗುರುತಿಸಲಿಲ್ಲ. ಅದರ 500ರ ಕಾರುಗಳು ಬಿಸಿ ದೋಸೆಯಂತೆ ಮಾರಾಟವಾದವು. 1948ರಲ್ಲಿ ಹದಿನೆಂಟರ ತರುಣ ಸ್ಟರ್ಲಿಂಗ್ ಮಾಸ್ ತಮ್ಮ ಪಂದ್ಯಜೀವನವನ್ನು ಅಂಥದೊಂದು ಕಾರಿನಲ್ಲೇ ಆರಂಭಿಸಿದರು. 1950ರಲ್ಲಿ ಮೊನಾಕೊ ಗ್ರ್ಯಾನ್ ಪ್ರೀಯಲ್ಲಿ ಹ್ಯಾರಿ ಷೆಲ್ ಓಡಿಸಿದ ಕೂಪರ್, ವಿಶ್ವ ಚಾಂಪಿಯನ್‌ಷಿಪ್ ಪಂದ್ಯವೊಂದರಲ್ಲಿ ಕಾಣಿಸಿಕೊಂಡ ಮೊದಲ ಹಿಂದಿನ ಎಂಜಿನ್ನಿನ ಕಾರು. ಮೊದಲ ಸುತ್ತಿನ ಸರಣಿ ಅಪಘಾತದಲ್ಲೇ ಅದು ಹೊರಬಿತ್ತು. ಆದರೆ 1952ರಲ್ಲಿ ಬ್ರಿಸ್ಟಲ್ ಸಂಸ್ಥೆಯ ಎರಡು ಲೀಟರಿನ ಎಂಜಿನ್ ದೊರೆತಾಗ ಕೂಪರ್ ಅದನ್ನು ಚಾಲಕನ ಮುಂದೆ ಕೂರಿಸಿತು! ಆ ಎಂಜಿನ್ನಿಗೆ ಸರಪಣಿಯ ಕಟ್ಟುಪಾಡಿರಲಿಲ್ಲ. ಆದ್ದರಿಂದ ಎಲ್ಲರಂತೆ ಮಾಡಿದರು. ಎಂಜಿನ್ ಹಿಂದಿರುವುದೇ ಸರಿ ಎಂಬುದು ಆಗ ಅವರಿಗೆ ಒಂದು ಸಿದ್ಧಾಂತವಾಗಿರಲಿಲ್ಲ, ಅನುಕೂಲವಾಗಿತ್ತು ಅಷ್ಟೆ.

ಸ್ವತಂತ್ರನೆಂದರೆ ಒಂಟಿಯಲ್ಲ

ಈ ಅನುಕೂಲವನ್ನು ಸಿದ್ಧಾಂತದತ್ತ ತಿರುಗಿಸಲು ನೆರವಾದದ್ದು ಒಂದು ಎಂಜಿನ್, ಒಬ್ಬ ಮನುಷ್ಯ.

ಕವೆಂಟ್ರಿ ಕ್ಲೈಮ್ಯಾಕ್ಸ್ ಎಂಬ ಕಾರ್ಖಾನೆ ಸರ್ಕಾರದ ಬೇಡಿಕೆಯ ಮೇಲೆ ಅಗ್ನಿಶಾಮಕ ಪಂಪುಗಳಿಗಾಗಿ ಒಂದು ಎಂಜಿನ್ ತಯಾರಿಸಿತ್ತು. ಬೆಂಕಿ ಬಿದ್ದ ಜಾಗಕ್ಕೆ ಆಳುಗಳು ಹೊತ್ತೊಯ್ಯಬೇಕಾದ ಪಂಪು. ಆದ್ದರಿಂದ ಎಂಜಿನ್ ಬಹಳ ಹಗುರ. ವಾಲ್ಟರ್ ಹಸನ್ ಮತ್ತು ಹ್ಯಾರಿ ಮಂಡಿ ಎಂಬ ಇಬ್ಬರು ಎಂಜಿನಿಯರುಗಳ ಈ ಸೃಷ್ಟಿ, ಸ್ವಲ್ಪ ಮಾರ್ಪಾಟಿನೊಡನೆ 1100 ಘನ ಸೆಂಟಿಮೀಟರಿನ ಪಂದ್ಯದ ಎಂಜಿನ್ನಾಯಿತು. ಅದೇ ಕಾರ್ಖಾನೆ ಬಳಿಕ ಪಂದ್ಯಕ್ಕೆಂದೇ ನಾಲ್ಕು ಸಿಲಿಂಡರುಗಳ ಇನ್ನೊಂದು ಎಂಜಿನ್ ರಚಿಸಿತು; ಒಂದೂವರೆ ಲೀಟರಿನಿಂದ ಆರಂಭವಾದ ಅದು 1959ರ ವೇಳೆಗೆ ಎರಡೂವರೆ ಲೀಟರಿಗೆ ಬೆಳೆಯಿತು.

ಮನುಷ್ಯ ಜಾಕ್ ಬ್ರ್ಯಾಭಮ್. ಆಸ್ಟ್ರೇಲಿಯದ ವಾಯುಪಡೆಯಲ್ಲಿ ಯಂತ್ರಕರ್ಮಿಯಾಗಿದ್ದು, ಬಳಿಕ ಸ್ವಂತ ಯಂತ್ರಶಾಲೆ ನಡೆಸಿದ ಇವರು 1955ರಲ್ಲಿ ಇಂಗ್ಲೆಂಡಿಗೆ ಬಂದು ಕೂಪರ್ ಕಾರ್ಖಾನೆಯನ್ನು ಸೇರಿಕೊಂಡರು. ಓಡಿಸುವುದೂ ಅವರೇ, ಓಡಿಸಿ ಕಂಡ ದೋಷವನ್ನು ತಿದ್ದಲು ಉಪಕರಣ ಹಿಡಿಯುವುದೂ ಅವರೇ. ಕಾರಿನ ನಕ್ಷೆಗಳನ್ನು ಓವನ್ ಮ್ಯಾಡಕ್ ಬರೆಯುತ್ತಿದ್ದರು. ಗೇರುಪೆಟ್ಟಿಗೆ ಫ್ರಾನ್ಸಿನ ಸಿಟ್ರೊಯೆನ್ ಕಾರಿನದು. ಮುಂದಿನ ಚಕ್ರಗಳಿಂದ ಓಡುವ ಆ ಸಾಧಾರಣ ಕಾರಿನ ಪೆಟ್ಟಿಗೆಯನ್ನು ಹಿಂದುಮುಂದು ತಿರುಗಿಸಿದರೆ ಕೂಪರ್ ಕಾರಿನ ಹಿಂಭಾಗಕ್ಕೆ ಸರಿಹೋಗುತ್ತಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸ್ವತಂತ್ರ ತಯಾರಕರೆಂದರೆ ಎಲ್ಲವನ್ನೂ ತಾವೇ ಮಾಡಿಕೊಂಡವರೆಂದು ಅನೇಕರು ಭಾವಿಸುತ್ತಾರೆ. ಅದು ಹಾಗಲ್ಲ. ಎಂಜಿನ್ ಮೊದಲ್ಗೊಂಡು ಕಾರಿನ ಬಹುಭಾಗವನ್ನು ತನ್ನದೇ ಛಾವಣಿಯ ಕೆಳಗೆ ತಯಾರಿಸುತ್ತಿದ್ದುದು ಇಟಲಿಯ ಫೆರಾರಿ. ಕೂಪರ್ ಎಂಜಿನ್ನನ್ನು ಕೊಂಡಿತು, ಟಯರು ಕೊಂಡಿತು, ಗೇರುಪೆಟ್ಟಿಗೆಯನ್ನು ಬೇರೊಂದು ಕಾರಿನಿಂದ ತಂದು ತಿದ್ದಿಕೊಂಡಿತು. ಇವೆಲ್ಲವನ್ನೂ ಹೇಗೆ ಜೋಡಿಸಬೇಕು ಎಂಬ ನಿರ್ಧಾರವನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಸುತ್ತಮುತ್ತ ನಿಪುಣ ಕಮ್ಮಾರರು, ಎರಕದವರು, ಹಲ್ಲುಚಕ್ರ ಕಡೆಯುವವರು ಇದ್ದ ನಾಡಿನಲ್ಲಿ ಮಾತ್ರ ಇಂಥ ಸ್ವಾತಂತ್ರ್ಯ ಸಾಧ್ಯ.

ಎತ್ತಿನ ವಾದ

1958ರಲ್ಲಿ ಪಂದ್ಯದ ನಿಯಮಗಳು ಬದಲಾದವು. ಆಲ್ಕೊಹಾಲ್ ಮಿಶ್ರಿತ ಇಂಧನಗಳು ರದ್ದಾಗಿ ವಿಮಾನದ ಪೆಟ್ರೋಲು ಕಡ್ಡಾಯವಾಯಿತು. ಪಂದ್ಯದ ಕನಿಷ್ಠ ದೂರವೂ ಇಳಿಯಿತು. ಕಡಮೆ ಇಂಧನ ಹೊತ್ತು ಓಡುವ ಹಗುರ ಕಾರಿಗೆ ಇದು ವರವಾಯಿತು. ಆ ವರ್ಷದ ಜನವರಿ 19ರಂದು ಆರ್ಜೆಂಟೀನದಲ್ಲಿ ನಡೆದ ಪಂದ್ಯದಲ್ಲಿ ಸ್ಟರ್ಲಿಂಗ್ ಮಾಸ್, ರಾಬ್ ವಾಕರ್ ಎಂಬ ಖಾಸಗಿ ಮಾಲೀಕರ ಕೂಪರ್ ಕಾರನ್ನು ಓಡಿಸಿದರು. ಎಂಜಿನ್ ಎರಡು ಲೀಟರಿಗೂ ತುಸು ಕಡಮೆ. ಎದುರಿಗಿದ್ದ ಫೆರಾರಿಗಳದು 2.4 ಲೀಟರ್. ಕೂಪರ್ ಕಾರಿನ ಚಕ್ರಗಳನ್ನು ನಾಲ್ಕು ನಟ್ಟುಗಳಿಂದ ಬಿಗಿದಿದ್ದುದರಿಂದ ಪಂದ್ಯದ ನಡುವೆ ಟಯರು ಬದಲಾಯಿಸಲು ಬಹಳ ಹೊತ್ತು ಹಿಡಿಯುತ್ತಿತ್ತು. ಮಾಸ್ ಬದಲಾಯಿಸಲೇ ಇಲ್ಲ. ಅವರ ಸಹಾಯಕರು ಚಕ್ರಗಳನ್ನು ಸಿದ್ಧವಾಗಿಟ್ಟುಕೊಂಡು ನಿಂತಂತೆ ನಟಿಸಿದರು. ಎದುರಾಳಿಗಳು ಆತ ನಿಲ್ಲುವನೆಂದು ನಂಬಿ ಸಾವಕಾಶ ಮಾಡಿದರು. ಕೊನೆಗೆ ಟಯರಿನ ರಬ್ಬರು ಸವೆದು ಒಳಗಿನ ಬಟ್ಟೆ ಕಾಣುತ್ತಿದ್ದಾಗ, ಮಾಸ್ 2.7 ಸೆಕೆಂಡುಗಳ ಅಂತರದಿಂದ ಗೆದ್ದರು. ಹಿಂದಿನ ಎಂಜಿನ್ನಿನ ಕಾರೊಂದು ವಿಶ್ವ ಚಾಂಪಿಯನ್‌ಷಿಪ್ ಪಂದ್ಯವನ್ನು ಗೆದ್ದದ್ದು ಇದೇ ಮೊದಲು. ಉಪಾಯ ಚಾಲಕನದಾದರೂ ಅದನ್ನು ಸಾಧ್ಯವಾಗಿಸಿದ್ದು ಕಾರಿನ ಹಗುರತನ.

1959ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯವನ್ನು ಬಿಟ್ಟರೆ, ನಡೆದ ಎಂಟು ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಐದನ್ನು ಕೂಪರ್ ಕಾರುಗಳು ಗೆದ್ದವು. ಡಿಸೆಂಬರ್ 12ರಂದು ಸೆಬ್ರಿಂಗಿನಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಬ್ರ್ಯಾಭಮ್ ಅವರ ಕಾರಿನ ಪೆಟ್ರೋಲು ಕೊನೆಯ ಸುತ್ತಿನಲ್ಲಿ ಮುಗಿಯಿತು. ಅವರು ಇಳಿದು ಕಾರನ್ನು ತಳ್ಳಿಕೊಂಡೇ ಗೆರೆ ದಾಟಿ ನಾಲ್ಕನೆಯವರಾಗಿ ವಿಶ್ವ ಚಾಂಪಿಯನ್ ಪಟ್ಟವನ್ನು ಪಡೆದರು. ಆ ಪಂದ್ಯವನ್ನು ಗೆದ್ದವರು ಅದೇ ತಂಡದ ಇಪ್ಪತ್ತೆರಡರ ತರುಣ ಬ್ರೂಸ್ ಮೆಕ್‌ಲಾರೆನ್. ತಯಾರಕರ ಪ್ರಶಸ್ತಿಯೂ ಕೂಪರಿಗೆ ಬಂತು. ಅಂದಿನ ಕೂಪರ್ ಸುಮಾರು 240 ಅಶ್ವಶಕ್ತಿ, ಸುಮಾರು 460 ಕಿಲೋಗ್ರಾಂ. ಫೆರಾರಿ ಸುಮಾರು 280 ಅಶ್ವಶಕ್ತಿ, ಸುಮಾರು 560 ಕಿಲೋಗ್ರಾಂ. ಭಾಗಿಸಿ ನೋಡಿ: ಒಂದು ಕಿಲೋಗ್ರಾಮಿಗೆ ಕೂಪರಿನದು 0.52 ಅಶ್ವಶಕ್ತಿ, ಫೆರಾರಿಯದು 0.50. ನಲವತ್ತು ಅಶ್ವಶಕ್ತಿಯ ಕೊರತೆಯನ್ನು ತೂಕವೇ ತುಂಬಿಕೊಟ್ಟಿತ್ತು. ತಿರುವಿನ ಚುರುಕು ಅದರ ಮೇಲಿನ ಲಾಭ.

ಎತ್ತು ಬಂಡಿಯ ಮುಂದಿರಬೇಕೇ ಹೊರತು ಹಿಂದಲ್ಲ ಎಂದು ಎಂಜೋ ಫೆರಾರಿ ಆ ದಿನಗಳಲ್ಲಿ ವಾದಿಸುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಕೇಳಲು ಸೊಗಸಾದ ವಾದ. ಆದರೆ ಹೋಲಿಕೆ ವಿವರಣೆಯಲ್ಲ. ಫೆರಾರಿ ಕಾರಿನಲ್ಲೂ ನೆಲವನ್ನು ಒದೆದು ಕಾರನ್ನು ಮುಂದಕ್ಕೆ ನೂಕುತ್ತಿದ್ದುದು ಹಿಂದಿನ ಚಕ್ರಗಳೇ. ಎತ್ತಿನ ಮೈ ಬಂಡಿಯ ಮುಂದೆ, ಕಾಲುಗಳು ಬಂಡಿಯ ಹಿಂದೆ ಎಂಬಂಥ ಪ್ರಾಣಿ ಅದು. ಕಾಲುಗಳಿರುವ ಕಡೆಯೇ ಮೈಯನ್ನೂ ಇಟ್ಟದ್ದಷ್ಟೇ ಕೂಪರ್ ಮಾಡಿದ ಕೆಲಸ. 1960ರಲ್ಲಿ ಬ್ರ್ಯಾಭಮ್ ಸಾಲಾಗಿ ಐದು ಪಂದ್ಯಗಳನ್ನು ಗೆದ್ದು ಮತ್ತೆ ಚಾಂಪಿಯನ್ ಆದರು. 1961ರಲ್ಲಿ ಫೆರಾರಿಯೇ ಎಂಜಿನ್ನನ್ನು ಹಿಂದಕ್ಕೆ ಸರಿಸಿ ಚಾಂಪಿಯನ್‌ಷಿಪ್ ಗೆದ್ದಿತು. ಅದೇ ವರ್ಷ ಬ್ರ್ಯಾಭಮ್ ಪುಟ್ಟ ಕೂಪರನ್ನು ಇಂಡಿಯಾನಾಪೊಲಿಸಿಗೂ ಒಯ್ದು, 4.2 ಲೀಟರಿನ ಕಾರುಗಳ ನಡುವೆ 2.7 ಲೀಟರಿನ ಎಂಜಿನ್ನಿನಿಂದ ಒಂಬತ್ತನೆಯ ಸ್ಥಾನ ಪಡೆದರು. 1965ರಿಂದ ಈಚೆಗೆ ಆ ಪಂದ್ಯವನ್ನೂ ಮುಂದಿನ ಎಂಜಿನ್ನಿನ ಕಾರು ಗೆದ್ದಿಲ್ಲ.

ಗೆದ್ದವರು ಕೇಳದ ಪ್ರಶ್ನೆ

ಇಲ್ಲಿಗೆ ಕಥೆ ನಿಲ್ಲಿಸಿದರೆ ಕೈಚಳಕದ ಪಕ್ಷದವರಿಗೆ ಸಂತೋಷವಾದೀತು. ಆದರೆ ಸತ್ಯ ಇನ್ನೂ ಮುಂದಕ್ಕೆ ಹೋಗುತ್ತದೆ.

1960ರ ಆರಂಭದಲ್ಲೇ ಆರ್ಜೆಂಟೀನದಲ್ಲಿ ಹೊಸದೊಂದು ಕಾರು ಕಾಣಿಸಿಕೊಂಡಿತು: ಲೋಟಸ್ 18. ಅದರ ಕರ್ತೃ ಕಾಲಿನ್ ಚಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡಗಳ ರಚನಾಶಾಸ್ತ್ರವನ್ನು ಓದಿದವರು. ಎಂಜಿನ್ನನ್ನು ಹಿಂದಿಡುವುದನ್ನು ಅವರು ಕೂಪರಿನಿಂದ ಕಲಿತರು. ಆದರೆ ಹಾಗೇಕೆ ಎಂಬುದನ್ನು ಲೆಕ್ಕದಿಂದ ಕಂಡುಕೊಂಡರು. ಕೂಪರ್ ಕಾರಿನ ಚೌಕಟ್ಟಿನಲ್ಲಿ ಕೊಳವೆಗಳು ಬಾಗಿದ್ದವು. ಬಾಗಿದ ಕೊಳವೆಯನ್ನು ತುದಿಗಳಿಂದ ಒತ್ತಿದರೆ ಅದು ಇನ್ನಷ್ಟು ಬಾಗುತ್ತದೆ. ನೇರವಾದ ಕೊಳವೆಗಳನ್ನು ತ್ರಿಕೋನಗಳಾಗಿ ಜೋಡಿಸಿದರೆ ಅದೇ ತೂಕಕ್ಕೆ ಹೆಚ್ಚು ಬಿಗಿ ದೊರೆಯುತ್ತದೆ. ಸೇತುವೆ ಕಟ್ಟುವವರಿಗೆ ಇದು ಬಹುಕಾಲದಿಂದ ಗೊತ್ತು. ಆರ್ಜೆಂಟೀನದಲ್ಲಿ ಕೂಪರ್ ಗೆದ್ದರೂ, ಲೋಟಸ್ ಓಡಿದ ಪರಿಯನ್ನು ಕಂಡ ಬ್ರ್ಯಾಭಮ್ ಮತ್ತು ಜಾನ್ ಕೂಪರ್ ಹಿಂದಿರುಗುವ ವಿಮಾನದಲ್ಲೇ ಹೊಸ ಕಾರಿನ ವಿಚಾರ ಮಾಡಿದರು. ಹಿಂದಿನ ಪಟ್ಟಿ ಸ್ಪ್ರಿಂಗಿನ ಬದಲು ಸುರುಳಿ ಸ್ಪ್ರಿಂಗು, ತಗ್ಗಿದ ಮೈ. ಕೆಲವೇ ವಾರಗಳಲ್ಲಿ ಕಾರು ಸಿದ್ಧವಾಯಿತು. ಆ ಐದು ಗೆಲುವುಗಳು ಇದರಿಂದಲೇ ಬಂದವು. ಹಳೆಯ ಸ್ಪ್ರಿಂಗನ್ನು ಬಿಡಲು ಹಿರಿಯರಾದ ಚಾರ್ಲ್ಸ್ ಕೂಪರ್ ಸುಲಭವಾಗಿ ಒಪ್ಪಿರಲಿಲ್ಲ ಎಂಬುದು ಗಮನಾರ್ಹ.

1961ರ ಕೊನೆಗೆ ಬ್ರ್ಯಾಭಮ್ ಸ್ವಂತ ಸಂಸ್ಥೆಗಾಗಿ ಕೂಪರನ್ನು ಬಿಟ್ಟರು. 1962ರಲ್ಲಿ ಚಾಪ್‌ಮನ್ ಲೋಟಸ್ 25ನ್ನು ತಂದರು. ಕೊಳವೆಗಳ ಚೌಕಟ್ಟೇ ಇಲ್ಲದೆ, ವಿಮಾನದ ಮೈಯಂತೆ ತಗಡೇ ಭಾರ ಹೊರುವ ರಚನೆ ಅದು. ಹಗುರವೂ ಹೌದು, ಬಿಗಿಯೂ ಹೌದು. ಕೂಪರ್ ಆ ವರ್ಷ ಮೊನಾಕೊದಲ್ಲಿ ಗೆದ್ದದ್ದುಂಟು; ಬಳಿಕ ಗೆಲುವುಗಳು ಅಪರೂಪವಾದವು. 1963ರಲ್ಲಿ ಜಾನ್ ಅವರಿಗೆ ಅಪಘಾತವಾಯಿತು. 1964ರಲ್ಲಿ ಚಾರ್ಲ್ಸ್ ತೀರಿಕೊಂಡರು. 1965ರಲ್ಲಿ ಪಂದ್ಯದ ತಂಡ ಮಾರಾಟವಾಯಿತು. ಆ ವರ್ಷದ ಕೊನೆಗೆ ಮೆಕ್‌ಲಾರೆನ್ ಕೂಡ ತಮ್ಮದೇ ಕಾರಿಗಾಗಿ ಹೊರನಡೆದರು. ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಕೂಪರ್ ಕೊನೆಯದಾಗಿ ಓಡಿದ್ದು 1969ರಲ್ಲಿ. ಜಾನ್ ಕೂಪರ್ ಅವರ ಪ್ರೇರಣೆಯಿಂದ 1961ರಲ್ಲಿ ಹುಟ್ಟಿದ ಮಿನಿ ಕೂಪರ್ ಕಾರಿನಿಂದಾಗಿ ಆ ಹೆಸರು ಮಾತ್ರ ಬೀದಿಗಳಲ್ಲಿ ಉಳಿಯಿತು.

ಹಣದ ಮುಗ್ಗಟ್ಟು, ಮರಣ, ಅಪಘಾತ ಇವೆಲ್ಲ ಸೋಲಿಗೆ ಕಾರಣಗಳೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಚಾಪ್‌ಮನ್ ಮುಂದಕ್ಕೆ ಹೋದದ್ದು ಈ ಕಷ್ಟಗಳು ಬರುವುದಕ್ಕೆ ಮೊದಲೇ. ತಮ್ಮ ಕಾರು ಗೆಲ್ಲುತ್ತದೆ ಎಂಬುದು ಕೂಪರ್ ಅವರಿಗೆ ತಿಳಿದಿತ್ತು. ಏಕೆ ಗೆಲ್ಲುತ್ತದೆ ಎಂಬುದನ್ನು ಎದುರಾಳಿ ಅವರಿಗಿಂತ ಚೆನ್ನಾಗಿ ತಿಳಿದುಕೊಂಡ. ಸೋತಾಗ ಏಕೆಂದು ಎಲ್ಲರೂ ಕೇಳುತ್ತಾರೆ. ಗೆದ್ದಾಗ ಏಕೆಂದು ಕೇಳುವವನೇ ಮುಂದಿನ ಸಲವೂ ಗೆಲ್ಲುತ್ತಾನೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ನಮ್ಮ ಕಾರ್ಯಾಗಾರಗಳಿಗೆ

ಈ ಮಾತು ನಮ್ಮ ನಾಡಿಗೆ ದೂರದ್ದೇನೂ ಅಲ್ಲ. ಕಾಲೇಜು ವಿದ್ಯಾರ್ಥಿಗಳು ತಾವೇ ಪಂದ್ಯದ ಕಾರು ಕಟ್ಟಿ ಸ್ಪರ್ಧಿಸುವ ಏರ್ಪಾಡು ಇಂದು ಅನೇಕ ದೇಶಗಳಲ್ಲಿದೆ; ಮಣಿಪಾಲ, ಬೆಂಗಳೂರು ಮೊದಲಾದ ಕಡೆಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದರಲ್ಲಿ ಪಾಲ್ಗೊಳ್ಳುತ್ತಾರೆ. ಕೆಲವು ತಂಡಗಳು ಈಗ ವಿದ್ಯುತ್ ಕಾರುಗಳನ್ನು ಕಟ್ಟುತ್ತಿವೆ. ಪೆಟ್ರೋಲಿನ ಕಾರು ಕಟ್ಟುವವರು ಮಾಡುವುದೇನು? ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಚಾಲಕನ ಹಿಂದೆ ಕೂರಿಸಿ, ಸರಪಣಿಯಿಂದ ಹಿಂದಿನ ಚಕ್ರಗಳನ್ನು ತಿರುಗಿಸುತ್ತಾರೆ. 1946ರಲ್ಲಿ ಸರ್ಬಿಟನ್ನಿನ ಗ್ಯಾರೇಜಿನಲ್ಲಿ ನಡೆದದ್ದೇ ಇಂದು ನಮ್ಮ ಕಾಲೇಜುಗಳ ಕಾರ್ಯಾಗಾರಗಳಲ್ಲಿ ನಡೆಯುತ್ತಿದೆ.

ಈ ಸ್ಪರ್ಧೆಗಳ ಒಟ್ಟು 1000 ಅಂಕಗಳಲ್ಲಿ 150 ಅಂಕಗಳು ಕಾರಿನ ವಿನ್ಯಾಸವನ್ನು ಸಮರ್ಥಿಸುವುದಕ್ಕೆ ಮೀಸಲು. ಪರೀಕ್ಷಕರು ಕಾರಿನ ಒಂದೊಂದು ಭಾಗವನ್ನೂ ತೋರಿಸಿ, ಇದು ಹೀಗೇಕೆ ಎಂದು ಕೇಳುತ್ತಾರೆ. ಕಳೆದ ವರ್ಷದ ತಂಡ ಹೀಗೆ ಮಾಡಿತ್ತು, ಗೆದ್ದ ಕಾಲೇಜಿನ ಕಾರಿನಲ್ಲಿ ಹೀಗಿತ್ತು ಎಂಬ ಉತ್ತರಕ್ಕೆ ಅಂಕವಿಲ್ಲ, ಇರಲೂಬಾರದು. ನಕಲು ಮಾಡಿದ ಭಾಗ ಓಡಬಹುದು. ಆದರೆ ನಿಯಮವೊಂದು ಬದಲಾದ ದಿನ, ಬೇರೆ ಎಂಜಿನ್ ಕೈಗೆ ಬಂದ ದಿನ, ನಕಲು ಮಾಡಿದವನು ಬ್ರಿಸ್ಟಲ್ ಎಂಜಿನ್ನನ್ನು ಮುಂದೆ ಕೂರಿಸಿದಂತೆಯೇ ಮಾಡುತ್ತಾನೆ.

ಇಷ್ಟೆಲ್ಲ ಲೆಕ್ಕ ಹಾಕುತ್ತ ಕುಳಿತರೆ ಕಾರು ಕಟ್ಟುವುದು ಯಾವಾಗ ಎಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿದೆ. ಜಾನ್ ಕೂಪರ್ ಲೆಕ್ಕ ಮುಗಿಯಲೆಂದು ಕಾಯ್ದಿದ್ದರೆ ಆ ಕಾರು ಹುಟ್ಟುತ್ತಲೇ ಇರಲಿಲ್ಲ. ಪೋರ್ಷೆಯ ಕಾರನ್ನು ಕಂಡು ಹೆದರಿದ ತಜ್ಞರ ಮಾತನ್ನೇ ಜಗತ್ತು ಇನ್ನೂ ಹಲವು ವರ್ಷ ನಂಬಿಕೊಂಡಿರುತ್ತಿತ್ತು. ಆದ್ದರಿಂದ ಮೊದಲು ಕಟ್ಟಿ, ಧೈರ್ಯವಾಗಿ ಕಟ್ಟಿ ಎಂದೇ ನಾವು ಹೇಳುತ್ತೇವೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದರಿಂದಲೇ ಕಟ್ಟಿ. ಆದರೆ ಕಾರು ಚೆನ್ನಾಗಿ ಓಡಿದ ಸಂಜೆ ಅದನ್ನು ಕೊಟ್ಟಿಗೆಗೆ ಸೇರಿಸಿ ಮಲಗಬೇಡಿ. ತೂಕ ಹಾಕಿ, ಒಂದೊಂದು ಚಕ್ರದ ಮೇಲೆ ಎಷ್ಟು ಭಾರ ಬಿದ್ದಿದೆಯೆಂದು ಅಳೆಯಿರಿ. ಒಂದೇ ಒಂದು ಅಂಶವನ್ನು ಬದಲಾಯಿಸಿ ಮತ್ತೆ ಓಡಿಸಿ. ಕಂಡದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ. ಆ ಪುಸ್ತಕ ನಿಮ್ಮ ಅನಂತರದ ತಂಡಕ್ಕೆ ಕಾರಿಗಿಂತಲೂ ಬೆಲೆಯುಳ್ಳ ಆಸ್ತಿಯಾಗುತ್ತದೆ.

ಶಾಲಾ ಕಾಲೇಜುಗಳ ಅಧ್ಯಾಪಕರಲ್ಲೂ ನಮ್ಮದೊಂದು ವಿನಂತಿಯಿದೆ. ಕಾರ್ಯಾಗಾರವನ್ನೂ ತರಗತಿಯನ್ನೂ ಎರಡು ಬೇರೆ ಕಟ್ಟಡಗಳಲ್ಲಿಟ್ಟರೂ ಎರಡು ಬೇರೆ ಲೋಕಗಳಾಗಿಸಬೇಡಿ. ಜಡತ್ವದ ಸೂತ್ರವನ್ನು ಕಪ್ಪು ಹಲಗೆಯ ಮೇಲೆ ಬರೆದ ದಿನವೇ, ಕಲ್ಲು ಕಟ್ಟಿದ ಒಂದು ದಂಡವನ್ನು ಹುಡುಗರ ಕೈಗೆ ಕೊಡಿ. ಸೂತ್ರ ಕೈಗೆ ಇಳಿದಾಗ ಮರೆಯುವುದಿಲ್ಲ. ಕೈಯ ಅನುಭವ ಸೂತ್ರಕ್ಕೆ ಏರಿದಾಗ ನಿಂತಲ್ಲೇ ನಿಲ್ಲುವುದಿಲ್ಲ. ಕೂಪರ್ ಗೆದ್ದದ್ದು ಕೈಯಿಂದ. ಅವರನ್ನು ಮೀರಿಸಿದವರು ಕೈಗೆ ಲೆಕ್ಕವನ್ನು ಜೋಡಿಸಿಕೊಂಡರು. ನಮ್ಮ ಮಕ್ಕಳು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಅಗತ್ಯವೇ ಇಲ್ಲ.